ಗೂಡಿನಲ್ಲಿ ನಿಂತವರು

ಬೆಟ್ಟದ ರಸ್ತೆಯಲ್ಲಿ ನಮಗೆ ಎರಡು ಕೆಲಸ. ಒಂದು, ಮಣ್ಣು ಹೊರುವುದು. ಇನ್ನೊಂದು, ಮರೆಯಾಗುವುದು.

ಮಣ್ಣು ಹೊರುವುದು ದಿನವೂ ಇತ್ತು. ಮರೆಯಾಗುವುದು ಶುಕ್ರವಾರ ಮಾತ್ರ.

ಸ್ವಾತಂತ್ರ್ಯ ಬಂದು ಹತ್ತು ವರ್ಷ ದಾಟಿತ್ತು. ಚಾಮುಂಡಿ ಬೆಟ್ಟಕ್ಕೆ ಹತ್ತುವ ರಸ್ತೆಯನ್ನು ಅಗಲ ಮಾಡುತ್ತಿದ್ದರು. ರಸ್ತೆಯ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಇಳಿಜಾರು. ಇಳಿಜಾರಿನ ಕಡೆ ಅಗಲಿಸಲು ಜಾಗವಿಲ್ಲ. ಬೆಟ್ಟವನ್ನೇ ಕೊರೆಯಬೇಕು. ಗಂಡಸರು ಹಾರೆ, ಪಿಕಾಸಿ ಹಿಡಿದು ಅಗೆಯುತ್ತಿದ್ದರು. ನಾವು ಹೆಂಗಸರು ಕಬ್ಬಿಣದ ಬಾಂಡ್ಲಿಗೆ ಮಣ್ಣು ತುಂಬಿ, ತಲೆಯ ಮೇಲೆ ಹೊತ್ತು, ಕೆಳಗಿನ ತಿರುವಿನ ತನಕ ನಡೆದು ಸುರಿದು ಬರುತ್ತಿದ್ದೆವು. ಗರಸು ಮಣ್ಣು. ಒದ್ದೆಯಾದರೆ ಕಲ್ಲಿನಷ್ಟು ಭಾರ. ಸಂಜೆ ಬಾಂಡ್ಲಿಯ ಕೆಳಗಿನ ಬಟ್ಟೆಯ ಸಿಂಬಿ ತೆಗೆದರೆ ನೆತ್ತಿಯ ಕೂದಲು ಅದಕ್ಕೇ ಅಂಟಿಕೊಂಡು ಬರುತ್ತಿತ್ತು. ಕುತ್ತಿಗೆ ತಿರುಗಿಸಲು ಆಗುತ್ತಿರಲಿಲ್ಲ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು.

ನನ್ನನ್ನು ಈ ಕೆಲಸಕ್ಕೆ ಕರೆತಂದವಳು ದೇವಿರಮ್ಮ. ನನ್ನ ಅವ್ವನ ಅಕ್ಕ, ನನಗೆ ದೊಡ್ಡವ್ವ. ಅವ್ವ ಸತ್ತ ಮೇಲೆ ಅವಳೇ ನನ್ನನ್ನು ಸಾಕಿದ್ದು. ಅವ್ವ ಸತ್ತ ವರ್ಷವೇ ನನ್ನ ಶಾಲೆಯೂ ಮುಗಿಯಿತು. ಶಾಲೆಯಲ್ಲೂ ನಾನು ಜಗಲಿಯ ಮೇಲೆ ಕೂರುತ್ತಿದ್ದವಳು. ಮೇಷ್ಟರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಗಂಟಲಲ್ಲೇ ನಿಲ್ಲುತ್ತಿತ್ತು. ಕೆಲಸದಲ್ಲೂ ಹಾಗೇ. ನನ್ನ ಹೆಸರು ಸಣ್ಣತಾಯಿ. ಮೇಸ್ತ್ರಿ ಚೆಲುವರಾಜು ನನ್ನನ್ನು ಮೂಗಿ ಎಂದೇ ಕೂಗುತ್ತಿದ್ದ. ನನಗೆ ಮಾತು ಬರುವುದಿಲ್ಲವೆಂದು ಅವನು ನಿಜವಾಗಿಯೂ ನಂಬಿದ್ದನೋ ಏನೋ.

ಮಣ್ಣನ್ನು ಮೇಲಿನಿಂದ ಅಗೆದುಕೊಂಡು ಬರಬೇಕು. ಮೇಸ್ತ್ರಿ ಹಾಗೆ ಮಾಡಿಸುತ್ತಿರಲಿಲ್ಲ.

"ಮೇಲಿಂದ ಕೆರೀತಾ ಕೂತ್ರೆ ದಸರಾ ಬಂದ್ರೂ ಮುಗಿಯಲ್ಲ. ಬುಡ ಕೊರೀರಿ. ಮೇಲಿಂದು ತಾನೇ ಬಿದ್ದೋಗ್ತದೆ" ಎನ್ನುತ್ತಿದ್ದ.

ದೊಡ್ಡವ್ವನ ಗಂಡ ಬೆಟ್ಟಯ್ಯ ಒಂದು ಸಲ ಹೇಳಿದ. "ಮಳೆಗಾಲ ಬುದ್ಧಿ. ನಾವು ಒಳೀಕಿರುವಾಗ್ಲೇ ಬಿದ್ರೆ?"

"ನಿನ್ಗೆ ಇಂಜಿನಿಯರ್ ಕೆಲ್ಸ ಕೊಡಿಸ್ಲೇನ್ಲಾ ಬೆಟ್ಟಯ್ಯ? ಕುರ್ಚಿ ತರುಸ್ಲಾ?"

ಎಲ್ಲರೂ ನಕ್ಕರು. ಬೆಟ್ಟಯ್ಯನೂ ನಕ್ಕ. ಮತ್ತೆ ಬುಡ ಕೊರೆದ.

ಹೀಗೆ ಕೊರೆದೂ ಕೊರೆದೂ, ಕಡಿದ ಬೆಟ್ಟದ ಗೋಡೆಯ ಬುಡದಲ್ಲಿ ಉದ್ದಕ್ಕೆ ಒಂದು ಪೊಳ್ಳು ಆಗಿತ್ತು. ತಲೆ ಬಗ್ಗಿಸಿಕೊಂಡು ಹೋದರೆ ಆಳು ನಿಲ್ಲಬಹುದಾದಷ್ಟು ಆಳ. ಅದನ್ನು ನಾವು ಗೂಡು ಎನ್ನುತ್ತಿದ್ದೆವು. ಮೇಲೆ ಮಣ್ಣು, ಮಣ್ಣಿನ ನಡುವೆ ಬಂಡೆ, ಅದರ ಮೇಲೆ ಲಂಟಾನದ ಪೊದೆ.

ಶುಕ್ರವಾರ ಆ ಗೂಡೇ ನಮ್ಮ ಜಾಗ.

ರಸ್ತೆಯ ಕೆಲಸವನ್ನು ನೋಡಿ ಬಿಲ್ಲಿಗೆ ರುಜು ಹಾಕುವ ಸಾಹೇಬರೊಬ್ಬರು ಜಯಲಕ್ಷ್ಮಿಪುರದಲ್ಲಿದ್ದರು. ಅವರ ಹೆಂಡತಿ ನಾಗಮಣಿಯವರದು ಆಷಾಢದ ಹರಕೆ. ಶುಕ್ರವಾರ ಮಡಿಯಲ್ಲಿ, ಬರಿಗಾಲಿನಲ್ಲಿ, ಈ ರಸ್ತೆಯಲ್ಲೇ ನಡೆದು ಬೆಟ್ಟ ಹತ್ತುತ್ತಿದ್ದರು. ಸಾಹೇಬರ ಕಾಲು ವಾಯುವಿನಿಂದ ಊದಿತ್ತು. ಅವರು ಕಾರಿನಲ್ಲಿ ಹಿಂದೆಯೇ ನಿಧಾನವಾಗಿ ಬರುತ್ತಿದ್ದರು. ಮೇಲೆ ಹೋಗಿ ಗಂಡ ಹೆಂಡತಿ ಒಟ್ಟಿಗೆ ಕೂತು ಸಂಕಲ್ಪ ಮಾಡಿಸಬೇಕು. ರಾಹುಕಾಲ ಹುಟ್ಟುವ ಮೊದಲೇ ಆಗಬೇಕು.

ಕಂಟ್ರಾಕ್ಟರು ವೃಷಭೇಂದ್ರಪ್ಪನವರು ಆ ದಿನ ತಾವೇ ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಮೇಸ್ತ್ರಿ ಸ್ನಾನ ಮಾಡಿ, ಹಣೆಗೆ ಇಟ್ಟುಕೊಂಡು, ಹಣ್ಣುಕಾಯಿಯ ಬುಟ್ಟಿ ಹೊತ್ತು ಗೂಡಿನ ಕೆಳತುದಿಯಲ್ಲಿ ಕಾದು ನಿಂತು, ನಾಗಮಣಿ ಅಮ್ಮನವರು ಬಂದ ಮೇಲೆ ಅವರ ಹಿಂದೆ ಹೋಗುತ್ತಿದ್ದ. ಅವರು ತಿರುವಿನಲ್ಲಿ ಕಂಡ ಕೂಡಲೇ ಮೇಸ್ತ್ರಿಯ ಸೀಟಿ. ನಾವೆಲ್ಲ ಗೂಡಿಗೆ ನುಗ್ಗಿ, ಮುಖವನ್ನು ಗೋಡೆಗೆ ಮಾಡಿ ನಿಲ್ಲಬೇಕು. ನಮ್ಮ ನೆರಳು ಮಡಿಯವರ ಮೇಲೆ ಬೀಳಬಾರದು.

"ಏ, ಒಳೀಕ್ ಒತ್ರಿಸ್ಕಳ್ರೇ! ಇನ್ನೂ ಒಳೀಕೆ! ಆ ಬೆನ್ನು ಕಾಣ್ತಾ ಅದೆ, ಯಾರ್ದದು ಬೆನ್ನು?"

ಶಿವನಂಜಮ್ಮ ಎಂಬವಳೊಬ್ಬಳಿದ್ದಳು. ಬಾಯಿ ಜೋರು. ಗೂಡಿನೊಳಗಿಂದಲೇ ಪಿಸುಗುಡುತ್ತಿದ್ದಳು.

"ನಾವು ಅಗ್ದಿರೋ ರಸ್ತೇಲಿ ನಡುದ್ರೆ ಮಡಿ ಕೆಡಲ್ವಂತೆ. ನಮ್ಮುನ್ನ ನೋಡುದ್ರೆ ಕೆಡ್ತದಂತೆ. ಕಣ್ಗೆ ಬಟ್ಟೆ ಕಟ್ಕಂಡು ಬರ್ಬಾರ್ದಾ ಆವಮ್ಮ?"

"ಸುಮ್ಕಿರು ಮಾರಾಯ್ತಿ. ಮೇಸ್ತ್ರಿ ಕಿವಿ ನಾಯಿಕಿವಿ" ಎಂದು ದೊಡ್ಡವ್ವ ಗದರುತ್ತಿದ್ದಳು.

ನಾನು ಗೂಡಿಗೆ ಹೋಗುತ್ತಿರಲಿಲ್ಲ. ಅಲ್ಲಿ ಗಂಡಸರ ಮೈಗೆ ಮೈ ತಾಗಿಸಿ ನಿಲ್ಲಬೇಕಿತ್ತು. ಮೊದಲ ಸಲವೇ ನಡುಗಿ ಹೋಗಿದ್ದೆ. ದೊಡ್ಡವ್ವ ದೂರದಲ್ಲಿ ಕೈಮುಗಿದು ನಿಂತು ಮೇಸ್ತ್ರಿಯನ್ನು ಒಪ್ಪಿಸಿದ್ದಳು. "ನಾಚ್ಕೆ ಕೂಸು ಬುದ್ಧಿ. ಆ ಡ್ರಮ್ಮುಗಳ ಹಿಂದೆ ಮುದುರ್ಕತ್ತದೆ. ಯಾರ್ಗೂ ಕಾಣಲ್ಲ." ಅಂದಿನಿಂದ ಟಾರಿನ ಡ್ರಮ್ಮುಗಳ ಹಿಂದೆ ಕೂರುವುದು ನನ್ನ ಪಾಲಿಗೆ ಬಂತು. ಎರಡು ಡ್ರಮ್ಮುಗಳ ಸಂದಿಯಿಂದ ಎಲ್ಲವೂ ಕಾಣುತ್ತಿತ್ತು.

ಆ ಶುಕ್ರವಾರಕ್ಕೆ ಮೊದಲು ಮಳೆ ಬಿಟ್ಟಿರಲೇ ಇಲ್ಲ. ಗೋಡೆಯಿಂದ ಕೆಂಪು ನೀರು ಒಸರುತ್ತಿತ್ತು. ಬೆಳಗ್ಗೆ ಮಳೆ ನಿಂತಿತು. ಮೋಡ ಹಾಗೇ ಇತ್ತು. ಬಿಸಿಲಿಲ್ಲ. ಯಾರಿಗೂ ನೆರಳೇ ಇರಲಿಲ್ಲ. ಆದರೂ ಮೇಸ್ತ್ರಿ ಸೀಟಿ ಊದಿದ.

ಬೆಟ್ಟಯ್ಯ ಗೋಡೆಯನ್ನು ನೋಡಿ ಹಿಂಜರಿದ. "ಬುದ್ಧಿ, ಇವತ್ತು ಒಳೀಕ್ ಬ್ಯಾಡ. ಕೆಳೀಕ್ ಓಡೋಗಿ ತಿರುವಲ್ಲಿ ನಿಂತ್ಕತ್ತೀವಿ."

"ಅವ್ರು ತಿರುವಿಂದ್ಲೇ ತಾನೇ ಬತ್ತಾ ಇರೋದು? ಎದುರ್ಗೋಗಿ ಆರ್ತಿ ಎತ್ತೀಯಾ? ನುಗ್ಗೋ ಒಳೀಕೆ!"

ನುಗ್ಗಿದರು. ದೊಡ್ಡವ್ವ ಎಲ್ಲರಿಗಿಂತ ಮೊದಲು ಹೋದಳು. ಆದ್ದರಿಂದ ಮೇಲಿನ ತುದಿಯ ಮೂಲೆಗೆ ಸೇರಿದಳು. ಅವಳ ತಲೆಯ ಮೇಲೆ ಖಾಲಿ ಬಾಂಡ್ಲಿ ಬೋರಲಾಗಿತ್ತು. ಗೋಡೆಯ ನೀರು ನೆತ್ತಿಗೆ ಬೀಳಬಾರದೆಂದು ಹಾಕಿಕೊಂಡಿದ್ದಳು. ಬೆಟ್ಟಯ್ಯ ಕೊನೆಗೆ ಹೋದ. ಕೆಳಗಿನ ತುದಿಯಲ್ಲಿ ನಿಂತ.

ನಾಗಮಣಿಯವರು ಬಂದರು. ಒದ್ದೆ ಸೀರೆ, ಕೈಯಲ್ಲಿ ಹೂವಿನ ತಟ್ಟೆ. ಹಿಂದೆ ಬುಟ್ಟಿ ಹೊತ್ತ ಮೇಸ್ತ್ರಿ. ಅವನ ಹಿಂದೆ ಕಾರು. ಅಮ್ಮನವರು ಗೂಡನ್ನು ದಾಟಿದರು. ಮೇಸ್ತ್ರಿ ದಾಟಿದ.

ಮೇಲಿನ ಪೊದೆ ಅಲ್ಲಾಡಿತು. ಗಾಳಿ ಇರಲಿಲ್ಲ. ಬೇರು ಕಿತ್ತ ಸದ್ದು ಕೇಳಿತು. ಆಮೇಲೆ ಪೊದೆ ನಿಂತ ಹಾಗೆಯೇ ಕೆಳಗಿಳಿದು ಬಂತು. ಅದರ ಹಿಂದೆ ಇಡೀ ಗೋಡೆ.

ಡ್ರಮ್ಮುಗಳು ನನ್ನ ಮೇಲೆ ಉರುಳಿದವು. ಎದ್ದು ನೋಡಿದಾಗ ಗೂಡಿರಲಿಲ್ಲ. ರಸ್ತೆಯೂ ಇರಲಿಲ್ಲ. ಆಳೆತ್ತರ ಕೆಂಪು ಮಣ್ಣು. ಆ ಕಡೆ ಅಮ್ಮನವರು, ಮೇಸ್ತ್ರಿ. ಈ ಕಡೆ ಕಾರು.

ಕೆಳಗಿನ ತುದಿಯಲ್ಲಿದ್ದವರು ಹೊರಗೆ ಹಾರಿಕೊಂಡಿದ್ದರು. ನಡುವೆ ನಿಂತವರು ಸೊಂಟದವರೆಗೆ ಹೂತು ಕಿರುಚುತ್ತಿದ್ದರು. ಅವರನ್ನು ರಟ್ಟೆ ಹಿಡಿದು ಎಳೆದೆವು. ಶಿವನಂಜಮ್ಮನ ಸೀರೆ ಮಣ್ಣಿನಲ್ಲೇ ಉಳಿಯಿತು. ಯಾರೋ ಪಂಚೆ ಬಿಚ್ಚಿ ಹೊದಿಸಿದರು. ಒಬ್ಬೊಬ್ಬರನ್ನೇ ಮುಟ್ಟಿ ಮುಟ್ಟಿ ಹೆಸರು ಕೂಗಿದೆವು. ಎಲ್ಲರೂ ಇದ್ದರು. ದೊಡ್ಡವ್ವ ಇರಲಿಲ್ಲ.

"ದೇವೀ!" ಎಂದು ಬೆಟ್ಟಯ್ಯ ಮಣ್ಣಿಗೆ ಕೈ ಹಾಕಿದ. ನಾವೆಲ್ಲ ಕೈ ಹಾಕಿದೆವು.

"ಏ, ನಿಲ್ಸ್ರೋ!"

ಕಂಟ್ರಾಕ್ಟರು ಕಾರಿನಿಂದ ಇಳಿದಿದ್ದರು. ಮಣ್ಣನ್ನೂ ನೋಡಿದರು, ಕಾರನ್ನೂ ನೋಡಿದರು. ಕಾರಿನೊಳಗೆ ಸಾಹೇಬರು ಗಡಿಯಾರ ನೋಡಿಕೊಂಡರು. ಅಷ್ಟೇ ಸಾಕಾಯಿತು.

"ಮೊದ್ಲು ರಸ್ತೆ ಬಿಡ್ಸಿ. ಕಾರು ಹೋಗೋವಷ್ಟು ಜಾಗ ಆಗ್ಲಿ. ಆಮೇಲೆ ಅವಳ್ನ ತೆಗೆಯೋಣ."

ಬೆಟ್ಟಯ್ಯ ಕೆಸರಿನಲ್ಲಿ ಉದ್ದಕ್ಕೆ ಬಿದ್ದ. ಅವರ ಕಾಲಿಗೆ ಅಲ್ಲ. ಕಾಲು ಮುಟ್ಟುವ ಹಾಗಿರಲಿಲ್ಲ. ದೂರದಲ್ಲೇ ಬಿದ್ದ.

"ಸ್ವಾಮಿ, ನನ್ ಹೆಂಡ್ತಿ ಒಳಗವ್ಳೆ ಸ್ವಾಮಿ."

"ಇಷ್ಟು ಮಣ್ಣು ಬಿದ್ಮೇಲೆ ಎಲ್ಲಿಯ ಹೆಂಡ್ತಿನಯ್ಯ? ಹೋದೋಳು ಹೋದ್ಲು. ಕಾರು ದಾಟಿಸಿಬಿಡು. ಆಮೇಲೆ ಎಷ್ಟೊತ್ತು ಬೇಕಾದ್ರೂ ಅಗ್ಕೋ, ನಾನೇನೂ ಬೇಡ ಅನ್ನಲ್ಲ."

ಬೆಟ್ಟಯ್ಯ ಎದ್ದ. ಆಮೇಲೆ ಅವನು ಮಾಡಿದ್ದನ್ನು ನಾನು ಮರೆತಿಲ್ಲ. ಪಿಕಾಸಿ ಹಿಡಿದು ರಸ್ತೆಯ ಮೇಲಿನ ಮಣ್ಣನ್ನು ಅಗೆಯತೊಡಗಿದ. ಅಷ್ಟು ಬಿರುಸಾಗಿ ಅವನು ಅಗೆದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಬಿರ್ನೆ ತುಂಬ್ರವ್ವ! ಬಿರ್ನೆ ದಾರಿ ಮಾಡ್ಕೊಡಣ. ದಾರಿ ಬುಟ್ಟುಕೊಟ್ರೆ ನಮ್ಗೆ ಬುಟ್ಬುಡ್ತಾರೆ. ಆಮೇಕೆ ಅವಳ್ನ ತಗಿಯಣ. ಬಿರ್ನೆ!"

ಅವನ ಮುಖ ನೋಡಿ ಎಲ್ಲರೂ ಬಾಂಡ್ಲಿ ಎತ್ತಿದೆವು. ಮೊದಲ ಬಾಂಡ್ಲಿಗಳನ್ನು ಇಳಿಜಾರಿನ ಅಂಚಿಗೆ ಒಯ್ದಾಗ ಮೇಸ್ತ್ರಿ ಮಣ್ಣಿನ ಆಚೆಯಿಂದ ಕೂಗಿದ.

"ಆ ಕಡೆ ಹಾಕ್ಬ್ಯಾಡ್ರಿ! ಕೆಳ್ಗಡೆ ಮೆಟ್ಲಲ್ಲಿ ಜನ ಹತ್ತುತಾವ್ರೆ. ತಲೆ ಮೇಲೆ ಕಲ್ಲು ಬಿದ್ರೆ ಯಾರು ಜವಾಬ್ದಾರಿ? ಗೋಡೆ ಬುಡುಕ್ ಹಾಕಿ!"

ಗೋಡೆಯ ಬುಡ ಎಂದರೆ ಗೂಡು ಇದ್ದ ಜಾಗ. ಗೂಡಿನ ಮೂಲೆಯಲ್ಲಿ ದೊಡ್ಡವ್ವ.

ಬೆಟ್ಟಯ್ಯನಿಗೆ ಅದು ಕೇಳಿಸಲಿಲ್ಲ. ಅಗೆಯುತ್ತಲೇ ಇದ್ದ. ಕೇಳಿಸಿಕೊಂಡ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮುಂದಿದ್ದವಳು ಅಳುತ್ತಲೇ ಹೋಗಿ ಬುಡಕ್ಕೆ ಸುರಿದಳು. ಹಿಂದಿನವಳೂ ಸುರಿದಳು. ಹೇಳಿದ ಕಡೆ ಸುರಿದು ನಮಗೆ ಅಭ್ಯಾಸ. ಕೈಗಳು ತಾವೇ ಕೆಲಸ ಮಾಡುತ್ತವೆ.

ನನ್ನ ಬಾಂಡ್ಲಿಯನ್ನು ಬೆಟ್ಟಯ್ಯನೇ ತುಂಬಿ ತಲೆಗೆತ್ತಿದ. ನಾನು ಬುಡಕ್ಕೆ ಹೋದೆ. ಸುರಿಯಲು ಬಗ್ಗಿದೆ.

ಟಣ್.

ಮಣ್ಣಿನ ಒಳಗಿಂದ. ತೀರಾ ಸಣ್ಣದಾಗಿ. ಕಲ್ಲಿನಿಂದ ಕಬ್ಬಿಣಕ್ಕೆ ಕುಟ್ಟಿದ ಸದ್ದು.

ಬಾಂಡ್ಲಿ ತಲೆಯ ಮೇಲೇ ಇತ್ತು. ಅದನ್ನು ಹೊತ್ತೇ ಮಂಡಿ ಊರಿದೆ. ಉಸಿರು ಬಿಗಿ ಹಿಡಿದೆ. ಹಿಂದೆ ಪಿಕಾಸಿಗಳ ಸದ್ದು, ಮೇಸ್ತ್ರಿಯ ಬೈಗುಳ. ಅವುಗಳ ನಡುವೆ ಮತ್ತೆ ಒಂದು ಸಲ. ಟಣ್. ಟಣ್.

ಅವಳ ಬಾಂಡ್ಲಿ. ಬಂಡೆ ಓರೆಯಾಗಿ ಕೂತು ಒಳಗೆ ಸ್ವಲ್ಪ ಜಾಗ ಉಳಿದಿರಬೇಕು. ಬಾಂಡ್ಲಿಯ ಕೆಳಗೆ ಅವಳು ಉಸಿರಾಡುತ್ತಿದ್ದಳು. ನಮ್ಮನ್ನು ಕರೆಯುತ್ತಿದ್ದಳು. ನಾವು ಅವಳ ಮೇಲೆ ಮಣ್ಣು ಸುರಿಯುತ್ತಿದ್ದೆವು.

ಇನ್ನೊಬ್ಬಳು ಬಂದು ನನ್ನ ಪಕ್ಕದಲ್ಲಿ ಸುರಿದಳು. ಸದ್ದು ಮಂದವಾಯಿತು.

ನಾನು ಎದ್ದು ಕೂಗಲು ಬಾಯಿ ತೆರೆದೆ. ಬರಿ ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದೆ.

"ಒಳಗವ್ಳೆ. ಬದುಕವ್ಳೆ. ಬಾಂಡ್ಲಿ ಕುಟ್ತಾವ್ಳೆ."

"ಮೂಗಿ ಮಾತಾಡ್ತು!" ಎಂದ ಮೇಸ್ತ್ರಿ.

ಕಂಟ್ರಾಕ್ಟರು ಹತ್ತಿರ ಬರಲಿಲ್ಲ. ಕಾರಿನ ಬಳಿಯಿಂದಲೇ ಹೇಳಿದರು. "ಕಲ್ಲು ಕೂರೋ ಸದ್ದಮ್ಮ ಅದು. ಮಣ್ಣು ಬಿದ್ಮೇಲೆ ಹಂಗೇ ಬರುತ್ತೆ. ಸುರಿ, ಸುರಿ. ಹೊತ್ತಾಗ್ತಿದೆ."

ಆಚೆಯಿಂದ ನಾಗಮಣಿಯವರ ಧ್ವನಿ ಬಂತು. "ಏನೂಂದ್ರೆ, ನಂಗೂ ಏನೋ ಟಣ್ ಅಂದಹಾಗೆ ಕೇಳಿಸ್ತು."

ಸಾಹೇಬರು ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ನೀನು ಹಿಂದಕ್ಕೆ ಹೋಗು ನಾಗೂ. ಮಡಿ ಸೀರೆಗೆ ಕೆಸರಾಗುತ್ತೆ. ಅವ್ರು ನೋಡ್ಕೋತಾರೆ."

"ಇವ್ರನ್ನೆಲ್ಲ ಅಲ್ಲಿ ಯಾಕೆ ನಿಲ್ಲಿಸಿದ್ರಿ ಚೆಲುವರಾಜು? ನಾನೇನೂ ಹಾಗೆ ಹೇಳಿರ್ಲಿಲ್ವಲ್ಲಪ್ಪ?" ಎಂದರು ಅಮ್ಮನವರು.

ಮೇಸ್ತ್ರಿ ತಲೆಯ ಮೇಲಿನ ಬುಟ್ಟಿಯನ್ನು ಸರಿಪಡಿಸಿಕೊಂಡ. ಅಮ್ಮನವರು ಮತ್ತೆ ಕೇಳಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ಹಿಂದಕ್ಕೆ ಹೋದರು. ಹೇಳಿರಲಿಲ್ಲ, ನಿಜ. ಆದರೆ ಪ್ರತಿ ಶುಕ್ರವಾರ ಗೋಡೆಗೆ ಮುಖ ಮಾಡಿ ನಿಂತ ಅಷ್ಟೊಂದು ಬೆನ್ನುಗಳು ಅವರಿಗೆ ಕಂಡಿದ್ದವು. ಕಂಡದ್ದನ್ನು ನಾನು ಡ್ರಮ್ಮಿನ ಸಂದಿಯಿಂದ ನೋಡಿದ್ದೆ.

ರಸ್ತೆಯ ಮೇಲೆ ಮಣ್ಣು ತಗ್ಗುತ್ತಿತ್ತು. ಕಾರಿನ ಮುಂದೆ ಸ್ವಲ್ಪ ದೂರ ದಾರಿ ಬಿಟ್ಟಿತ್ತು. ತೆಗೆದಷ್ಟೂ ಮಣ್ಣು ದೊಡ್ಡವ್ವನ ಮೇಲೆ ಏರುತ್ತಿತ್ತು. ನನ್ನ ಮಾತೂ ಕಿವಿಗೆ ಬೀಳದೆ ಬೆಟ್ಟಯ್ಯ ಅಗೆಯುತ್ತಿದ್ದ. "ಬಿರ್ನೆ, ಬಿರ್ನೆ" ಎನ್ನುತ್ತಿದ್ದ.

ನನ್ನ ತಲೆಯ ಮೇಲೆ ಬಾಂಡ್ಲಿ ಇನ್ನೂ ತುಂಬಿಯೇ ಇತ್ತು. ಕುತ್ತಿಗೆ ಉರಿಯುತ್ತಿತ್ತು. ಎಲ್ಲಿ ಸುರಿಯಬೇಕೆಂದು ಹೇಳುವವರು ಹೇಳಿಯಾಗಿತ್ತು.

ನಾನು ತಿರುಗಿದೆ. ಬಿಟ್ಟಿದ್ದ ದಾರಿಯ ನಡುವೆ ನಡೆದೆ. ಕಾರಿನ ಮುಂದೆ ನಿಂತೆ. ಗಾಜಿನ ಹಿಂದೆ ಸಾಹೇಬರ ಮುಖ. ಬಾಂಡ್ಲಿಯನ್ನು ಇಳಿಸಿ ಅಲ್ಲೇ ಸುರಿದೆ. ಗರಸು ಕಾರಿನ ಮುಂದಿನ ಚಕ್ರಗಳಿಗೆ ಬಡಿಯಿತು.

ಪಿಕಾಸಿಗಳೆಲ್ಲ ನಿಂತವು.

"ಏನೇ ಮಾಡ್ದೆ ನೀನು?" ಮೇಸ್ತ್ರಿ ಮಣ್ಣು ಹತ್ತಿ ಇಳಿದು ಬಂದ. ತಲೆಯ ಮೇಲೆ ಹಣ್ಣುಕಾಯಿಯ ಬುಟ್ಟಿ. ಒಂದು ಕೈಯಲ್ಲಿ ಬುಟ್ಟಿ ಹಿಡಿದು ಇನ್ನೊಂದನ್ನು ನನ್ನ ಕೆನ್ನೆಗೆ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ನನ್ನನ್ನು ಹೊಡೆಯಲು ನನ್ನನ್ನು ಮುಟ್ಟಬೇಕು. ಮುಟ್ಟಿದರೆ ಬುಟ್ಟಿ ಮೈಲಿಗೆ. ನಾನು ಕೆನ್ನೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇಷ್ಟು ದಿನ ನನ್ನನ್ನು ದೂರ ಇಟ್ಟದ್ದೇ ಆ ಹೊತ್ತಿನಲ್ಲಿ ನನ್ನನ್ನು ಕಾಪಾಡಿತು.

ಅವನು ಬಗ್ಗಿ ಹೆಂಟೆಯೊಂದನ್ನು ತೆಗೆದು ಎಸೆದ. ಭುಜಕ್ಕೆ ಬಿತ್ತು. ನೋವು ಆಮೇಲೆ ಬಂತು. ಆಗ ನಾನು ಮತ್ತೆ ಬಾಂಡ್ಲಿ ತುಂಬುತ್ತಿದ್ದೆ. ಗೋಡೆಯ ಬುಡದಿಂದ ತುಂಬಿದೆ. ದೊಡ್ಡವ್ವನ ಮೇಲಿನ ಮಣ್ಣನ್ನು ತುಂಬಿದೆ. ತಂದು ಕಾರಿನ ಮುಂದೆ ಸುರಿದೆ.

ಬೆಟ್ಟಯ್ಯ ಓಡಿ ಬಂದ. "ಬ್ಯಾಡ ಕೂಸೇ, ಬ್ಯಾಡ ಕಣವ್ವ. ಅವ್ರು ಕೋಪ ಮಾಡ್ಕಂಡ್ರೆ ಅವಳ್ನ ತಗಿಯಕ್ಕೇ ಬುಡಲ್ಲ."

ನಾನು ಅವನ ಕೈ ಹಿಡಿದೆ. ದೊಡ್ಡಪ್ಪನ ಕೈಯನ್ನು ನಾನು ಎಂದೂ ಹಿಡಿದವಳಲ್ಲ. ಎಳೆದುಕೊಂಡು ಹೋಗಿ ಗೋಡೆಯ ಬುಡದಲ್ಲಿ ಕೂರಿಸಿದೆ. ಅವನ ತಲೆಯನ್ನು ಮಣ್ಣಿಗೆ ಒತ್ತಿದೆ.

"ಕೇಳು ದೊಡ್ಡಪ್ಪ."

ಏನೂ ಕೇಳಲಿಲ್ಲ. ಅವನು ತಲೆ ಎತ್ತಲು ಹೋದ. ಬಿಡಲಿಲ್ಲ.

"ಕೇಳು."

ಟಣ್.

ಅವನು ಎದ್ದ. ಸುತ್ತ ನೋಡಿದ. ಎಲ್ಲಿ ಸುರಿದಿದ್ದಾರೆಂದು ಆಗ ಅವನಿಗೆ ಕಂಡಿತು. ಬಾಯಿಂದ ಒಂದು ಸದ್ದು ಬಂತು, ಮಾತಲ್ಲ. ಹಾರೆ ತೆಗೆದುಕೊಂಡ. ಕಂಟ್ರಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಅವನು ಅವರ ಕಡೆ ನೋಡಲೂ ಇಲ್ಲ. ಬುಡಕ್ಕೆ ಹಾರೆ ಹಾಕಿದ.

ಶಿವನಂಜಮ್ಮ ಪಂಚೆಯನ್ನು ಎದೆಗೆ ಬಿಗಿದು ಬಾಂಡ್ಲಿ ಎತ್ತಿದಳು. "ತುಂಬ್ರೇ! ಸುರೀರಿ ಕಾರ್ ಮುಂದೆ. ಅವ್ರ ರಸ್ತೆ ಅವ್ರೇ ಮಾಡ್ಕಳ್ಳಿ!"

ಎಲ್ಲರೂ ತುಂಬಿದರು. ಬಿಟ್ಟಿದ್ದ ದಾರಿ ಮುಚ್ಚಿತು. ಕಾರಿನ ದೀಪಗಳ ತನಕ ಮಣ್ಣು ಏರಿತು.

"ನಾಳೆಯಿಂದ ಒಬ್ರಿಗೂ ಕೆಲ್ಸ ಇಲ್ಲ! ಪೊಲೀಸ್ ಕರೆಸ್ತೀನಿ!" ಎಂದು ಕಂಟ್ರಾಕ್ಟರು ಕೂಗಿದರು.

"ಕರ್ಸಿ ಸ್ವಾಮಿ. ಅವ್ರ ಕೈಗೂ ಒಂದೊಂದ್ ಗುದ್ಲಿ ಕೊಡಣ" ಎಂದಳು ಶಿವನಂಜಮ್ಮ.

ಯಾರೂ ನಗಲಿಲ್ಲ. ಮೇಲಿನಿಂದ ಇನ್ನೂ ಸಣ್ಣ ಕಲ್ಲುಗಳು ಉದುರುತ್ತಿದ್ದವು. ಒಂದೊಂದು ಉದುರಿದಾಗಲೂ ಎಲ್ಲರೂ ತಲೆ ಎತ್ತುತ್ತಿದ್ದರು. ಯಾರೂ ಓಡಲಿಲ್ಲ. ಸದ್ದು ನಿಂತು ಬಹಳ ಹೊತ್ತಾಗಿತ್ತು. ಬೆಟ್ಟಯ್ಯ ಹಾರೆ ಬಿಸಾಕಿ ಉಗುರಿನಿಂದ ಬಗೆಯತೊಡಗಿದ. ಹಾರೆ ಅವಳಿಗೆ ತಾಗೀತೆಂದು ಹೆದರಿದ. ನಾನೂ ಉಗುರಿನಿಂದ ಬಗೆದೆ. ಗರಸು ಉಗುರಿನ ಸಂದಿಗೆ ಇಳಿಯಿತು. ಮಣ್ಣು ಮೊದಲೇ ಕೆಂಪು. ರಕ್ತ ಬಂದದ್ದು ಗೊತ್ತಾಗಲಿಲ್ಲ.

ಬಂಡೆ ಸಿಕ್ಕಿತು. ಬಂಡೆಯ ಪಕ್ಕದಲ್ಲಿ ಸಂದಿ. ಸಂದಿಯಲ್ಲಿ ಬಾಂಡ್ಲಿಯ ಅಂಚು.

ಬೆಟ್ಟಯ್ಯ ಅದರ ಸುತ್ತಲಿನ ಮಣ್ಣು ಬಿಡಿಸಿ ಹಿಂದೆ ಸರಿದ. ನಾನು ಎತ್ತಿದೆ.

ಮುಖವೆಲ್ಲ ಕೆಸರು. ಕಣ್ಣಿನ ಗುಳಿಯಲ್ಲಿ, ಮೂಗಿನಲ್ಲಿ, ಬಾಯಲ್ಲಿ ಮಣ್ಣು. ಬೆರಳು ಹಾಕಿ ಬಾಯಿಯ ಮಣ್ಣನ್ನು ತೆಗೆದೆ. ಇನ್ನೊಮ್ಮೆ ತೆಗೆದೆ. ಏನೂ ಆಗಲಿಲ್ಲ. ಶಿವನಂಜಮ್ಮ ಎದೆ ಬಡಿದುಕೊಂಡು ಅಳಲು ಶುರುಮಾಡಿದಳು.

ದೊಡ್ಡವ್ವ ಕೆಮ್ಮಿದಳು.

ಒಂದು ಸಲ ಕೆಮ್ಮಿದವಳು ನಿಲ್ಲಿಸಲೇ ಇಲ್ಲ. ಕೆಂಪು ಎಂಜಲು ನನ್ನ ಮೈಮೇಲೆ ಬಿತ್ತು. ಬೆಟ್ಟಯ್ಯ ಅವಳ ತಲೆಯನ್ನು ತನ್ನ ತೊಡೆಗೆ ಒತ್ತಿ ಹಿಡಿದುಕೊಂಡ. ಅವಳು ಎದೆಯವರೆಗೆ ಇನ್ನೂ ಹೂತಿದ್ದಳು. ಕಣ್ಣು ತೆರೆಯಲು ಆಗಲಿಲ್ಲ. ಕೈಯೊಂದು ಮಣ್ಣಿನಿಂದ ಬಂದು ನನ್ನ ಮುಖವನ್ನು ತಡವಿತು. ಗುರುತು ಹಿಡಿಯಿತು. ತುಟಿ ಅಲ್ಲಾಡಿತು. ಬಗ್ಗಿ ಕಿವಿ ಕೊಟ್ಟೆ.

"ಮಡಿಯೋರು ಹೋದ್ರಾ ಕೂಸೇ?" ಎಂದಳು. "ಆಚ್ಗೆ ಬರ್ಬೋದಾ?"

ನಾನು ತಲೆ ಎತ್ತಿದೆ. ಮಣ್ಣಿನ ಆಚೆ ನಾಗಮಣಿಯವರು ತಟ್ಟೆ ಹಿಡಿದು ನಿಂತಿದ್ದರು. ಈಚೆ ಸಾಹೇಬರು ಕಾರಿನಿಂದ ಇಳಿದು ಬಾಗಿಲನ್ನು ಹಿಡಿದು ನಿಂತಿದ್ದರು. ಪಕ್ಕದಲ್ಲಿ ಕಂಟ್ರಾಕ್ಟರು. ಬುಟ್ಟಿ ಹೊತ್ತ ಮೇಸ್ತ್ರಿ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು.

ನನ್ನ ಗಂಟಲಲ್ಲಿ ಏನೂ ಸಿಕ್ಕಿಕೊಳ್ಳಲಿಲ್ಲ. ಅವರಿಗೆಲ್ಲ ಕೇಳುವಂತೆ ಹೇಳಿದೆ.

"ಹೋಗಿಲ್ಲ ದೊಡ್ಡವ್ವ. ಎಲ್ಲಾ ಇಲ್ಲೇ ನಿಂತವ್ರೆ. ನೀನು ಬಾ ಆಚ್ಗೆ."